ಟೇಬಲ್ ಮೇಲೇ ಕುದಿಸಿ ತಿನ್ನೋ ಎಲೆಕ್ಟ್ರಿಕ್ ಹಾಟ್‌ಪಾಟ್: ತಗೊಳ್ಳೋ ಮುಂಚೆ ಎಲ್ರೂ ಕೇಳೋ ಪ್ರಶ್ನೆಗಳು

ಹಾಟ್‌ಪಾಟ್ ಅಂದ್ರೆ ಚಪಾತಿ ಬಿಸಿ ಇಡೋ ಡಬ್ಬಿ ಅಲ್ವಾ?

ನಮ್ಮ ಕಡೆ ಪಾತ್ರೆ ಅಂಗಡೀಲಿ ಕೇಳಿದ್ರೆ ಅದನ್ನೇ ತೆಗ್ದು ಕೊಡ್ತಾರೆ, ಆನ್‌ಲೈನಲ್ಲಿ ಹುಡುಕಿದ್ರೂ ಮೊದಲ ಎರಡು ಪೇಜು ಬರೀ ಕ್ಯಾಸರೋಲ್‌ಗಳೇ. ಇಲ್ಲಿ ಹೇಳ್ತಿರೋದು ಊಟದ ಟೇಬಲ್ ಮಧ್ಯ ಪ್ಲಗ್ ಹಾಕಿ ಇಡೋ ಅಗಲದ ಪಾತ್ರೆ. ಒಳಗೆ ಸೂಪು ಕುದೀತಾ ಇರುತ್ತೆ, ಸುತ್ತ ಕೂತೋರು ಸೊಪ್ಪು, ಅಣಬೆ, ತೋಫು, ನೂಡಲ್ಸು, ತೆಳ್ಳಗೆ ಕತ್ತರಿಸಿದ ಮಾಂಸ ಅಂತ ಬೇಕಾದ್ದು ಹಾಕಿ ಬೇಯಿಸ್ಕೊಂಡು ಎತ್ತಿ ಸಾಸಲ್ಲಿ ಅದ್ದಿ ತಿಂತಾರೆ. ಚೀನಾದಲ್ಲಿ ಇದು ಹುವೋಗುವೋ, ಜಪಾನಲ್ಲಿ ಶಾಬು ಶಾಬು, ಥಾಯ್ಲೆಂಡಲ್ಲಿ ಸುಕಿ. ಬೀಜಿಂಗ್ ಕಡೆ ಹಳೇ ಪದ್ಧತೀಲಿ ತಾಮ್ರದ ಪಾತ್ರೆ ನಡುವೆ ಚಿಮಣಿ ಇರುತ್ತೆ, ಅದ್ರೊಳಗೆ ಇದ್ದಿಲು. ಟಿಬೆಟನ್ನರ ಗ್ಯಾಕೋನೂ ಅದೇ ಥರದ್ದೇ. ಕರೆಂಟಿಂದು ಬಂದಿದ್ದು ಆಮೇಲೆ. ಹುಡುಕುವಾಗ "ಎಲೆಕ್ಟ್ರಿಕ್ ಹಾಟ್‌ಪಾಟ್ ಕುಕ್ಕರ್" ಅಥವಾ "ಶಾಬು ಶಾಬು ಪಾಟ್" ಅಂತ ಪೂರ್ತಿ ಹಾಕಿ, ಚಪಾತಿ ಡಬ್ಬಿಗಳ ಕಾಟ ಅರ್ಧ ಕಮ್ಮಿ ಆಗುತ್ತೆ.

ಪೂರ್ತಿ ಓದೋಕೆ ಟೈಮಿಲ್ಲ, ಏನು ನೋಡಿ ತಗೋಬೇಕು ಅಷ್ಟು ಹೇಳಿ

ವ್ಯಾಟ್ ನೋಡಿ, ಪಾತ್ರೆ ಬಿಚ್ಚಿ ತೊಳೆಯೋಕೆ ಬರುತ್ತಾ ನೋಡಿ. ಬಣ್ಣ, ಗಾಜಿನ ಮುಚ್ಚಳ, ಒಳಗೆ ಫ್ರೀ ಕೊಡೋ ಮರದ ಸೌಟು, ಇವೆಲ್ಲ ಆಮೇಲೆ. ಮನೇಲಿ ಇಂಡಕ್ಷನ್ ಸ್ಟವ್ ಇದ್ರೆ ಮಾತ್ರ ಕೆಳಗೆ ಅದರ ಬಗ್ಗೆ ಇರೋದನ್ನ ಓದದೆ ದುಡ್ಡು ಕೊಡಬೇಡಿ.

ವ್ಯಾಟ್ ಅಷ್ಟೊಂದು ಮುಖ್ಯನಾ? ನೀರು ಕುದಿಯೋಕೆ ಸ್ವಲ್ಪ ಲೇಟಾದ್ರೆ ಏನಂತೆ?

ಮೊದಲ ಸಲ ಕುದಿಯೋಕೆ ಲೇಟಾದ್ರೆ ಏನೂ ಇಲ್ಲ, ಅದನ್ನ ಗ್ಯಾಸ್ ಮೇಲೆ ಕುದಿಸಿ ತಂದು ಸುರಿದ್ರೂ ಆಯ್ತು. ಕಷ್ಟ ಇರೋದು ಆಮೇಲೆ. ಇದು ಒಂದು ಸಲ ಬೇಯಿಸಿ ಇಳಿಸೋ ಅಡುಗೆ ಅಲ್ಲ, ಒಂದು ಒಂದೂವರೆ ಗಂಟೆ ಕೂತು ತಿಂತೀರ, ಅಷ್ಟೂ ಹೊತ್ತು ಯಾರಾದ್ರೊಬ್ರು ಫ್ರಿಜ್ಜಿಂದ ತೆಗ್ದ ತಣ್ಣನೆ ಸಾಮಾನು ಒಳಗೆ ಸುರೀತಾನೇ ಇರ್ತಾರೆ. ಗಳಗಳ ಕುದೀತಿದ್ದ ಸೂಪು ಒಂದು ತಟ್ಟೆ ಅಣಬೆ ಬಿದ್ದ ತಕ್ಷಣ ಸುಮ್ಮನಾಗುತ್ತೆ, ಗುಳ್ಳೆ ಎಲ್ಲ ಮಾಯ, ಮೇಲೆ ಎಣ್ಣೆ ಮಾತ್ರ ತೇಲ್ತಿರುತ್ತೆ, ಎಲ್ರೂ ಫೋರ್ಕ್ ಹಿಡ್ಕೊಂಡು ಬಗ್ಗಿ ಬಗ್ಗಿ ನೋಡ್ತಾ ಕೂರ್ತಾರೆ. ಮತ್ತೆ ಕುದಿ ಎಷ್ಟು ಬೇಗ ಬರುತ್ತೆ ಅನ್ನೋದರ ಮೇಲೆ ನಿಂತಿದೆ ಇಡೀ ಊಟ.

ಲೆಕ್ಕ ಸುಲಭ ಇದೆ. ಅರ್ಧ ಕೆಜಿ ತಣ್ಣನೆ ತರಕಾರಿ, ತೋಫು ಕುದಿಯೋ ಬಿಸಿಗೆ ಬರೋಕೆ 600 ವ್ಯಾಟಿನ ಪಾಟಲ್ಲಿ ಐದು ನಿಮಿಷದ ಹತ್ರ ಬೇಕು, 1500 ವ್ಯಾಟಲ್ಲಿ ಎರಡು ನಿಮಿಷ ಸಾಕು. ಇದು ಬಿಸಿ ಒಂಚೂರೂ ವೇಸ್ಟ್ ಆಗದಿದ್ರೆ ಬರೋ ಲೆಕ್ಕ, ನಿಜದಲ್ಲಿ ಮುಚ್ಚಳ ತೆಗೆದಿರೋ ಅಗಲದ ಪಾತ್ರೆಯಿಂದ ಆವಿ ಜೊತೆ ಹೋಗೋ ಬಿಸೀನೇ ತುಂಬಾ ಇರುತ್ತೆ, ಅದಕ್ಕೇ ಕಮ್ಮಿ ವ್ಯಾಟಿನ ದೊಡ್ಡ ಪಾತ್ರೆಗಳು ಮುಚ್ಚಳ ತೆಗೆದ್ರೆ ಕುದಿಯೋದೇ ಇಲ್ಲ, ಬರೀ ಸಿಮ್ಮಲ್ಲಿ ಇದ್ದಂಗೆ ಇರ್ತವೆ. ಒಬ್ರಿಗೆ 600 ಓಕೆ. ಇಬ್ರು ಮೂವರಿಗೆ 1000ದಿಂದ 1200. ನಾಲ್ಕು ಜನ ಮೇಲೆ ಅಂದ್ರೆ 1300ಕ್ಕಿಂತ ಕೆಳಗೆ ಇಳೀಬೇಡಿ. 4 ಲೀಟರ್ ಪಾತ್ರೆ, 800 ವ್ಯಾಟ್ ಅಂತ ಬರೆದಿದ್ರೆ ಎಷ್ಟೇ ಆಫರ್ ಇರಲಿ ಮುಂದಕ್ಕೆ ಹೋಗಿ.

ಹಂಗಾದ್ರೆ 2200 ವ್ಯಾಟಿಂದೇ ತಗೊಂಡ್ಬಿಡ್ಲಾ?

ನಿಮ್ಮ ಡೈನಿಂಗ್ ಟೇಬಲ್ ಹತ್ರ ಯಾವ ಸಾಕೆಟ್ ಇದೆ ಅಂತ ಮೊದ್ಲು ಎದ್ದು ಹೋಗಿ ನೋಡಿ. ಮೊಬೈಲ್ ಚಾರ್ಜರ್ ಹಾಕೋ ಚಿಕ್ಕದು 6 ಆಂಪಿಂದು, ಗೀಸರ್, ಎಸಿ ಹಾಕೋ ದಪ್ಪ ಪಿನ್ನಿನದು 16 ಆಂಪಿಂದು. ನಮ್ಮಲ್ಲಿ 230 ವೋಲ್ಟ್, ಅಂದ್ರೆ ಚಿಕ್ಕ ಸಾಕೆಟ್ಟಿಗೆ ತಡೆಯೋದು ಹೆಚ್ಚಂದ್ರೆ 1380 ವ್ಯಾಟ್. ಅದಕ್ಕಿಂತ ಮೇಲಿಂದಕ್ಕೆಲ್ಲ 16 ಆಂಪ್ ಪಾಯಿಂಟೇ ಬೇಕು. ಅದು ಸುಮಾರು ಮನೆಗಳಲ್ಲಿ ಅಡುಗೆಮನೇಲಿ ಇರುತ್ತೆ, ಡೈನಿಂಗ್ ಕಡೆ ಇರಲ್ಲ. ಹೊರದೇಶದ ಪಾಟಿಗೆ ಕನ್ವರ್ಟರ್ ಪಿನ್ ಸಿಕ್ಕಿಸಿ ಚಿಕ್ಕ ಸಾಕೆಟ್ಟಿಗೆ ಹಾಕೋ ಐಡಿಯಾ ಎಲ್ರಿಗೂ ಬರುತ್ತೆ. ಪಿನ್ ಒಳಗೆ ಹೋಯ್ತು ಅಂದ್ರೆ ವೈರು ತಡೆಯುತ್ತೆ ಅಂತ ಅರ್ಥ ಅಲ್ಲ.

ಎಕ್ಸ್‌ಟೆನ್ಷನ್ ಬೋರ್ಡ್ ಹಾಕಲೇಬೇಕು ಅಂದ್ರೆ 16 ಆಂಪ್ ಪ್ಲಗ್ ಇರೋ, ದಪ್ಪ ವೈರಿನದು ತಗೊಳ್ಳಿ, ಕರೆಂಟ್ ಕೆಲಸ ಮಾಡೋರ ಹತ್ರ 2.5 ಸ್ಕ್ವೇರ್ ಎಂಎಂ ವೈರಲ್ಲಿ ಒಂದು ಬೋರ್ಡ್ ಮಾಡಿಕೊಡಿ ಅಂದ್ರೆ ಮಾಡಿಕೊಡ್ತಾರೆ. ಸುರುಳಿ ಸುತ್ತಿರೋ ವೈರನ್ನ ಪೂರ್ತಿ ಬಿಚ್ಚಿ ಹಾಕಿ, ಸುತ್ತಿದಂಗೇ ಇಟ್ಟು ಇಷ್ಟು ಲೋಡ್ ಎಳೆದ್ರೆ ಒಳಗೆ ಕಾದು ಕರಗುತ್ತೆ. ಹತ್ತು ನಿಮಿಷ ಆದ್ಮೇಲೆ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಪರ್ವಾಗಿಲ್ಲ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಆರಿಸಿಬಿಡಿ.

ನನ್ನ ಕೇಳಿದ್ರೆ ನಮ್ಮ ಮನೆಗಳಿಗೆ 1200ರಿಂದ 1350 ವ್ಯಾಟ್ ಸರಿಯಾದ ಜಾಗ.

ಎಷ್ಟು ಲೀಟರ್?

ಡಬ್ಬಿ ಮೇಲಿರೋದು ಅಂಚಿನ ತನಕ ತುಂಬಿದ್ರೆ ಹಿಡಿಯೋ ಲೆಕ್ಕ. ಕುದಿಯುವಾಗ ಉಕ್ಕಬಾರ್ದು, ಮೇಲೆ ತರಕಾರಿ ಹಾಕ್ದಾಗ ಏರೋಕೆ ಜಾಗ ಬೇಕು, ಹಂಗಾಗಿ ಮೂರರಲ್ಲಿ ಎರಡು ಭಾಗ ಅಷ್ಟೇ ಸೂಪು. ಇಬ್ರಿಗೆ 2 ಲೀಟರ್, ನಾಲ್ವರಿಗೆ 3ರಿಂದ 4, ಆರು ಜನ ಅಂದ್ರೆ 5. ಆಳಕ್ಕಿಂತ ಅಗಲ ಇರೋದು ವಾಸಿ, ನಾಲ್ಕೂ ಕಡೆಯಿಂದ ಕೈ ಹೋಗಬೇಕಲ್ವಾ. ವರ್ಷಕ್ಕೆ ಎರಡು ಸಲ ನೆಂಟರು ಬರ್ತಾರೆ ಅಂತ 6 ಲೀಟರಿಂದು ತರಬೇಡಿ, ಮಿಕ್ಕ ದಿನ ಅದನ್ನ ಇಡೋಕೆ ಕಪಾಟಲ್ಲಿ ಜಾಗ ಹುಡುಕೋದೇ ಕೆಲಸ ಆಗುತ್ತೆ.

ಮನೇಲಿ ಇಂಡಕ್ಷನ್ ಸ್ಟವ್ ಇದೆ, ಅದನ್ನೇ ಟೇಬಲ್ ಮೇಲಿಟ್ರೆ ಆಗಲ್ವಾ?

ಆಗುತ್ತೆ, ಚೆನ್ನಾಗೇ ಆಗುತ್ತೆ. ಚೀನಾದಲ್ಲೇ ಎಷ್ಟೋ ಹೋಟೆಲುಗಳಲ್ಲಿ ಟೇಬಲ್ ಒಳಗೆ ಇಂಡಕ್ಷನ್ ಕೂರಿಸಿರ್ತಾರೆ. ಅಗಲದ ಸ್ಟೀಲ್ ಪಾತ್ರೆ ಒಂದು ಬೇಕು, ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಇಟ್ಟು ನೋಡಿ, ಗಟ್ಟಿಯಾಗಿ ಅಂಟಿದ್ರೆ ನಡೆಯುತ್ತೆ. ಎರಡು ಥರ ಸೂಪು ಇಡೋಕೆ ಮಧ್ಯ ಗೋಡೆ ಇರೋ ಇಂಡಕ್ಷನ್ ಪಾತ್ರೆಗಳೂ ಬೇರೆಯಾಗೇ ಸಿಗ್ತವೆ. ಪಾತ್ರೆ ಹಾಳಾದ್ರೆ ಪಾತ್ರೆ ಮಾತ್ರ ಬದಲಾಯಿಸಬಹುದು, ಸ್ಟವ್ ಹಾಳಾದ್ರೆ ಸ್ಟವ್ ಮಾತ್ರ, ಸರ್ವಿಸ್ ಸೆಂಟರ್ ಊರೂರಲ್ಲಿದೆ.

ತೊಂದರೆ ಏನಪ್ಪ ಅಂದ್ರೆ ಫ್ಯಾನ್ ಸದ್ದು, ಮಾತಾಡ್ತಾ ಊಟ ಮಾಡೋವಾಗ ಗುಂಯ್ ಅಂತ ಇರುತ್ತೆ. ಇನ್ನೊಂದು, ಸ್ಟವ್ ಮೇಲೆ ಪಾತ್ರೆ ಕೂತಾಗ ಎತ್ತರ ಆಗಿಬಿಡುತ್ತೆ, ಕುರ್ಚೀಲಿ ಕೂತ ಮಕ್ಕಳಿಗೆ ಒಳಗೆ ಏನಿದೆ ಅಂತಾನೇ ಕಾಣಲ್ಲ, ಎದ್ದು ನಿಂತು ಬಗ್ತಾರೆ, ಅದು ಡೇಂಜರ್. ಕೆಲವು ಸ್ಟವ್‌ಗಳಲ್ಲಿ ಉರಿ ಕಮ್ಮಿ ಇಟ್ರೆ ಹತ್ತು ಸೆಕೆಂಡ್ ಜೋರು, ಹತ್ತು ಸೆಕೆಂಡ್ ಬಂದ್ ಅಂತ ಆಡುತ್ತೆ. 2000 ವ್ಯಾಟ್ ಫುಲ್ ಇಡೋದಾದ್ರೆ 16 ಆಂಪ್ ಮಾತು ಇದಕ್ಕೂ ಅನ್ವಯ. ಆದ್ರೂ ಈ ಊಟ ಮನೆಯೋರಿಗೆ ಹಿಡಿಸುತ್ತಾ ಇಲ್ವಾ ಅನ್ನೋದೇ ಗೊತ್ತಿಲ್ಲದಾಗ ಎರಡು ಮೂರು ಸಲ ಇಂಡಕ್ಷನ್ ಮೇಲೇ ಮಾಡಿ ನೋಡಿ, ಆಮೇಲೂ ಬೇಕು ಅನ್ಸಿದ್ರೆ ಬೇರೆ ಪಾಟ್ ತಗೊಳ್ಳಿ.

ನಮ್ಮತ್ತೆ ಶುದ್ಧ ಸಸ್ಯಾಹಾರಿ, ನಮ್ಮನೆಯವ್ರಿಗೆ ಚಿಕನ್ ಬೇಕು. ಎರಡು ಭಾಗ ಇರೋ ಪಾಟ್ ತಗೊಂಡ್ರೆ ಇಬ್ರಿಗೂ ಆಗುತ್ತಾ?

ಈ ಪ್ರಶ್ನೆ ಬರದೇ ಇರೋ ದಿನ ಇಲ್ಲ. ಆ ಗೋಡೆ ಇರೋದು ಒಂದು ಕಡೆ ಖಾರ, ಒಂದು ಕಡೆ ಸಪ್ಪೆ ಸೂಪು ಇಡೋಕೆ, ಸಿಚುವಾನ್ ಖಾರ ತಡೆಯೋಕಾಗದೋರಿಗೂ ಊಟ ಆಗ್ಲಿ ಅಂತ. ವೆಜ್ಜು ನಾನ್‌ವೆಜ್ಜು ಬೇರೆ ಮಾಡೋ ಮಟ್ಟದ ಗೋಡೆ ಅದಲ್ಲ. ಜೋರಾಗಿ ಕುದಿಯುವಾಗ ಈ ಕಡೆ ಹನಿ ಆ ಕಡೆ ಹಾರೇ ಹಾರುತ್ತೆ, ಎಣ್ಣೆ ಜಾಸ್ತಿ ಇದ್ರಂತೂ ಕೇಳಬೇಡಿ, ಸೌಟು ಅದಲು ಬದಲಾಗೋದಕ್ಕೆ ಒಂದು ನಿಮಿಷ ಮಾತಲ್ಲಿ ಮೈಮರೆತ್ರೆ ಸಾಕು. ನಿಮ್ಮತ್ತೆ ಮೊಟ್ಟೆ ಬೆಂದ ಬಾಣಲೇನೂ ಬೇಡ ಅನ್ನೋರಾದ್ರೆ ಅವರಿಗೆ ಆ ಪಾಟ್ ತೋರಿಸ್ಲೂಬೇಡಿ. 1 ಲೀಟರ್ ಚಿಕ್ಕ ಪಾಟ್ ಅವರಿಗೇ ಅಂತ ಬೇರೆ ತಂದು, ಬೇರೆ ಸೌಟು, ಬೇರೆ ಜಾಲರಿ ಕೊಡಿ, ಟೇಬಲ್‌ನ ಇನ್ನೊಂದು ತುದೀಲಿಡಿ. ಎರಡನ್ನೂ ಒಂದೇ ಬೋರ್ಡಿಗೆ ಹಾಕ್ತೀರ ಅಂದ್ರೆ ಎರಡರ ವ್ಯಾಟ್ ಕೂಡಿಸಿ ನೋಡೋದು ಮರೀಬೇಡಿ.

ಮನೇಲಿ ಎಲ್ರೂ ಒಂದೇ ಆಗಿದ್ದು ಬರೀ ಖಾರದ ಜಗಳ ಅಂದ್ರೆ ಎರಡು ಭಾಗದ್ದು ಮಜಾ ಇರುತ್ತೆ. ಗೋಡೆ ಪಾತ್ರೆ ಜೊತೆ ಒಂದೇ ಆಗಿ ಎರಕ ಹೊಯ್ದಿದ್ಯಾ ನೋಡಿ, ತೆಗೆದು ಹಾಕೋ ಗೋಡೆಗಳಲ್ಲಿ ರಬ್ಬರ್ ಸಡಿಲ ಆದ ದಿನದಿಂದ ಎರಡೂ ಸೂಪು ಒಂದೇ ಬಣ್ಣ. 4 ಲೀಟರ್ ಅಂತ ಬರೆದಿದ್ರೂ ಒಂದೊಂದು ಕಡೆಗೆ ಒಂದೂಕಾಲು ಲೀಟರ್ ಚಿಲ್ಲರೆ ಸೂಪು ಅಷ್ಟೇ ಸಿಗೋದು, ಆರು ಜನಕ್ಕೆ ಸಾಲಲ್ಲ. ಎರಡೂ ಕಡೆಗೆ ಡಯಲ್ ಒಂದೇ. ಖಾರದ ಕಡೆ ಮೇಲೆ ಎಣ್ಣೆ ಪದರ ಇರೋದ್ರಿಂದ ಆವಿ ಕಮ್ಮಿ ಹೋಗಿ ಅದು ಮೊದಲು ಕುದಿಯುತ್ತೆ, ಸಪ್ಪೆ ಕಡೆ ಹಿಂದೆ ಬೀಳುತ್ತೆ. ಪಾಟ್ ಕೆಟ್ಟಿದೆ ಅಂತ ವಾಪಸ್ ಕಳಿಸೋಕೆ ಹೋಗಬೇಡಿ, ಅದು ಹಂಗೇ.

ನಾನ್‌ಸ್ಟಿಕ್ಕಾ, ಸ್ಟೀಲಾ?

ನಾನ್‌ಸ್ಟಿಕ್ ಲೇಪ ಹಾಳಾಗೋಕೆ ಶುರುವಾಗೋದು ಸುಮಾರು 260 ಡಿಗ್ರಿ ಮೇಲೆ, ಸೂಪು ಕುದಿಯೋದು 100ರಲ್ಲಿ, ಬೆಂಗಳೂರಲ್ಲಾದ್ರೆ ಊರು ಎತ್ತರದಲ್ಲಿರೋದ್ರಿಂದ 97ರ ಹತ್ರ. ಹಂಗಾಗಿ ನೀರು ಇರೋ ತನಕ ಭಯ ಪಡೋಕೆ ಏನಿಲ್ಲ. ಹಾಳಾಗೋದು ಎರಡು ಕಾರಣಕ್ಕೆ, ಒಂದು ಖಾಲಿ ಪಾತ್ರೆ ಕಾಯೋಕೆ ಬಿಟ್ಟು ಬೆಳ್ಳುಳ್ಳಿ ಬಿಡಿಸ್ತಾ ಕೂರೋದು, ಇನ್ನೊಂದು ಸ್ಟೀಲ್ ಸೌಟು, ಸ್ಟೀಲ್ ಜಾಲರಿಯಲ್ಲಿ ಕೆರೆಯೋದು. ಟೇಬಲ್ ಮೇಲೆ ಎಲ್ರ ಕೈಯಲ್ಲೂ ಒಂದೊಂದು ಫೋರ್ಕ್ ಇರುತ್ತೆ ಅನ್ನೋದನ್ನ ಯೋಚನೆ ಮಾಡಿ. "ಪಿಎಫ್‌ಒಎ ಇಲ್ಲ" ಅಂತ ದೊಡ್ಡದಾಗಿ ಬರೆದಿರ್ತಾರೆ, ನಾನ್‌ಸ್ಟಿಕ್ ಲೇಪ ಮಾಡೋಕೆ ಬಳಸ್ತಿದ್ದ ಆ ಕೆಮಿಕಲ್ಲನ್ನ ಅಮೆರಿಕದ ದೊಡ್ಡ ಕಂಪನಿಗಳು 2015ರ ಹೊತ್ತಿಗೇ ಬಿಟ್ಟಿದ್ದಾವೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಸ್ಟೀಲ್ ಆದ್ರೆ 304 ಗ್ರೇಡ್ ಕೇಳಿ. ಕೆರೆದ್ರೂ ತಡೆಯುತ್ತೆ, ಹುಳಿ ಹಾಕಿದ್ರೂ ತಡೆಯುತ್ತೆ, ನೂಡಲ್ಸ್ ತಳ ಹಿಡಿದ್ರೆ ಬ್ರಷ್ ಹಾಕಿ ಉಜ್ಜಬಹುದು. ಬರೀ ಸೂಪಿಗೆ ಸ್ಟೀಲೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮೊದಲು ಈರುಳ್ಳಿ ಹುರಿದು, ಮೊಟ್ಟೆ ಹಾಕಿ, ಆಮೇಲೆ ನೀರು ಸುರಿಯೋ ಅಭ್ಯಾಸ ಇರೋರಿಗೆ ಮಾತ್ರ ನಾನ್‌ಸ್ಟಿಕ್. ಸೆರಾಮಿಕ್ ಕೋಟಿಂಗ್ ನೋಡೋಕೆ ಚಂದ, ಆದ್ರೆ ಅದರ ಜಾರೋ ಗುಣ ಬೇಗ ಹೋಗುತ್ತೆ.

ತೊಳೆಯೋದು ಹೆಂಗೆ?

ಇದನ್ನ ಅಂಗಡೀಲಿ ಯಾರೂ ಕೇಳಲ್ಲ, ಮನೇಲಿ ಮಾರನೇ ದಿನ ಬೆಳಗ್ಗೆ ಎಲ್ರೂ ಕೇಳ್ತಾರೆ. ಎರಡು ಥರ ಬರುತ್ತೆ. ಒಂದು, ಕೆಳಗೆ ಬಿಸಿ ಮಾಡೋ ತಟ್ಟೆ ಬೇರೆ, ಮೇಲಿನ ಪಾತ್ರೆ ಬೇರೆ, ಪಾತ್ರೆ ಎತ್ಕೊಂಡು ಹೋಗಿ ಸಿಂಕಲ್ಲಿ ಹಾಕಬಹುದು. ಇನ್ನೊಂದು ಎರಡೂ ಅಂಟಿಕೊಂಡಿರೋದು, ವೈರ್ ಮಾತ್ರ ಕಳಚಿ ಬರುತ್ತೆ. ಎರಡನೇದನ್ನ ನೀರಲ್ಲಿ ಮುಳುಗಿಸೋಕಾಗಲ್ಲ, ಜಿಡ್ಡು ಸೂಪು ತುಂಬಿರೋ ಭಾರದ ಪಾತ್ರೇನ ಸಿಂಕ್ ಮೇಲೆ ಓರೆ ಹಿಡಿದು, ವೈರ್ ಸಿಕ್ಕಿಸೋ ತೂತಿಗೆ ನೀರು ಹೋಗದಂಗೆ ಒಂದು ಕೈಯಲ್ಲಿ ಉಜ್ಜಬೇಕು. ಒಂದೆರಡು ಸಲ ಮಾಡಿದ್ಮೇಲೆ ಆ ಪಾಟ್ ಅಟ್ಟ ಸೇರುತ್ತೆ. ನೂರಿನ್ನೂರು ರೂಪಾಯಿ ಜಾಸ್ತಿ ಆದ್ರೂ ಮೊದಲನೇ ಥರದ್ದೇ ತಗೊಳ್ಳಿ. ಡಿಶ್‌ವಾಶರಿಗೆ ಹಾಕೋಕೆ ಆಗುತ್ತಾ ಅನ್ನೋದನ್ನ ಮ್ಯಾನುಯಲ್ ನೋಡಿ ತಿಳ್ಕೊಳ್ಳಿ, ನಾನ್‌ಸ್ಟಿಕ್ ಆದ್ರೆ ಆಗುತ್ತೆ ಅಂದಿದ್ರೂ ನಾನಾದ್ರೆ ಹಾಕಲ್ಲ.

ಮಿಕ್ಕಿದ ಸೂಪನ್ನ ರಾತ್ರಿಯೆಲ್ಲ ಅದ್ರಲ್ಲೇ ಬಿಡಬೇಡಿ. ಎಣ್ಣೆ ಗಟ್ಟಿಯಾಗಿ ಗೋಡೆ ಸಂದಿಯಲ್ಲಿ ಕೆಂಪು ಗೆರೆ ಕೂತ್ಕೊಂಡ್ರೆ ಬಿಸಿನೀರು, ಪಾತ್ರೆ ಸೋಪು, ಹಳೇ ಟೂತ್‌ಬ್ರಷ್ ಮೂರೂ ಬೇಕಾಗುತ್ತೆ.

ಪಕ್ಕದಲ್ಲೇ ಗ್ರಿಲ್ ಇರೋ ಟೂ ಇನ್ ಒನ್ ತಗೊಂಡ್ರೆ ಲಾಭ ಅಲ್ವಾ?

ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತೆ. ಪಾಟ್ ಚಿಕ್ಕದಾಗಿರುತ್ತೆ, ಗ್ರಿಲ್ ಅಷ್ಟೇನೂ ಕಾಯಲ್ಲ, ಎರಡೂ ಒಟ್ಟಿಗೆ ಹಾಕಿದ್ರೆ 2000 ವ್ಯಾಟ್ ದಾಟುತ್ತೆ, ಮನೆ ತುಂಬಾ ಹೊಗೆ ಬೇರೆ. ಎರಡಕ್ಕೂ ಬೇರೆ ಬೇರೆ ಡಯಲ್ ಇದ್ದು, 16 ಆಂಪ್ ಪಾಯಿಂಟ್ ಇದ್ದು, ಕಿಟಕಿ ಪಕ್ಕ ಟೇಬಲ್ ಇದ್ರೆ ಯೋಚನೆ ಮಾಡಿ.

ಡಯಲ್ ಇರಬೇಕಾ, ಟಚ್ ಬಟನ್ನಾ?

ತಿರುಗಿಸೋ ಡಯಲ್. ಕೈ ಒದ್ದೆ, ಆವಿ, ಜಿಡ್ಡು, ಇದ್ರ ಮಧ್ಯ ಟಚ್ ಸರಿಯಾಗಿ ಕೆಲಸ ಮಾಡಲ್ಲ. ಲೋ, ಹೈ ಅಂತ ಎರಡೇ ಹಂತ ಇರೋದಕ್ಕಿಂತ ನಿಧಾನಕ್ಕೆ ಏರಿಸಿ ಇಳಿಸೋಕೆ ಬರೋದು ಒಳ್ಳೇದು. ನೀರು ಬತ್ತಿದ್ರೆ ತಾನೇ ಆಫ್ ಆಗೋ ವ್ಯವಸ್ಥೆ ಇದ್ಯಾ ಅಂತಾನೂ ನೋಡಿ.

ಮನೇಲಿ ಚಿಕ್ಕ ಮಗು ಇದೆ, ವೈರ್ ಎಳೆದುಬಿಟ್ರೆ?

ನಿಜವಾದ ಭಯ ಇದೇ, ಮೂರು ಲೀಟರ್ ಕುದಿಯೋ ಸೂಪು ಟೇಬಲ್ ಅಂಚಿಗೆ ಬಂದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳೋದು ಬೇಡ. ಕೆಲವು ಪಾಟಿನ ವೈರು ಮ್ಯಾಗ್ನೆಟ್ಟಲ್ಲಿ ಅಂಟಿಕೊಂಡಿರುತ್ತೆ, ಯಾರಾದ್ರೂ ಎಡವಿದ್ರೆ ವೈರ್ ಕಳಚಿ ಬೀಳುತ್ತೆ, ಪಾಟ್ ಅಲ್ಲೇ ಇರುತ್ತೆ. ಜಪಾನಿನ ಮಾಡೆಲ್‌ಗಳಲ್ಲಿ ಇದು ಮಾಮೂಲಿ. ಮಗು ಇರೋ ಮನೇಲಿ ಇದೊಂದಕ್ಕೆ ಜಾಸ್ತಿ ದುಡ್ಡು ಕೊಟ್ರೂ ನಷ್ಟ ಇಲ್ಲ. ಅದಿಲ್ಲ ಅಂದ್ರೆ ಟೇಬಲ್ಲನ್ನೇ ಗೋಡೆ ಹತ್ರ ಎಳೆದು, ವೈರ್ ಗೋಡೆ ಕಡೆ ಬರೋ ಹಂಗೆ ಇಡಿ, ಜನ ಓಡಾಡೋ ಕಡೆ ಬೇಡ. ಟೇಬಲ್‌ಕ್ಲಾತ್ ತೆಗೆದುಬಿಡಿ, ಮಕ್ಕಳು ಎಳೆಯೋದು ಅದನ್ನೇ. ಗಾಜಿನ ಟೇಬಲ್ ಆದ್ರೆ ಕೆಳಗೊಂದು ದಪ್ಪ ಮಣೆ ಇಡಿ. ನೆಲದ ಮೇಲೆ ಕೂತು ಊಟ ಮಾಡೋ ಮನೇಲಿ ತೆವಳೋ ಮಗು ಇದ್ರೆ ಸದ್ಯಕ್ಕೆ ಬೇಡ ಅಂತೀನಿ.

ಅಮೆರಿಕದಿಂದ ಅಣ್ಣ ಬರ್ತಿದ್ದಾನೆ, ಅಲ್ಲಿಂದ ತರಿಸ್ಲಾ?

ಬೇಡ. ಅಲ್ಲಿ 120 ವೋಲ್ಟ್. ಅಲ್ಲಿನ 1500 ವ್ಯಾಟ್ ಪಾಟನ್ನ ಇಲ್ಲಿ 230ಕ್ಕೆ ಸಿಕ್ಕಿಸಿದ್ರೆ ಅದು 5500 ವ್ಯಾಟ್ ಎಳೆಯೋಕೆ ಹೋಗುತ್ತೆ, ಲೋಡ್ ಜಾಸ್ತಿ ಆದ್ರೆ ಕರೆಂಟ್ ಕಡಿಯೋ ಸ್ವಿಚ್ಚು, ಅದೇ ಎಂಸಿಬಿ, ಬಿದ್ರೆ ನಿಮ್ಮ ಪುಣ್ಯ. ಜಪಾನಿಂದು ಇನ್ನೂ ಕಷ್ಟ, ಅಲ್ಲಿ 100 ವೋಲ್ಟ್. ಟ್ರಾನ್ಸ್‌ಫಾರ್ಮರ್ ಹಾಕಬಹುದಲ್ಲ ಅಂತೀರ, ಅಷ್ಟು ವ್ಯಾಟ್ ತಡೆಯೋ ಟ್ರಾನ್ಸ್‌ಫಾರ್ಮರ್ ಪಾಟಿಗಿಂತ ಭಾರ, ಪಾಟಿಗಿಂತ ರೇಟು. ಸಿಂಗಾಪುರ, ದುಬೈ, ಲಂಡನ್, ಆಸ್ಟ್ರೇಲಿಯಾ, ಚೀನಾ ಇಲ್ಲೆಲ್ಲ 220ರಿಂದ 230, ಅಲ್ಲಿಂದ ತಂದ್ರೆ ಪಿನ್ ಮಾತ್ರ ಬೇರೆ. ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ನಿಂದು ಹಾಕಿಸಿ. ಐವತ್ತು ರೂಪಾಯಿ ಅಡಾಪ್ಟರ್‌ಗಳಲ್ಲಿ ಎಷ್ಟೋ ಸಲ ಅರ್ಥಿಂಗ್ ಕನೆಕ್ಟ್ ಆಗಿರೋದೇ ಇಲ್ಲ, ನೀರು ತುಂಬಿರೋ ಲೋಹದ ಪಾತ್ರೆ ಸುತ್ತ ಮನೆಮಂದಿ ಎಲ್ಲ ಕೂತಿರುವಾಗ ಅರ್ಥಿಂಗ್ ಇಲ್ಲದೆ ಆಗಲ್ಲ.

ಅಮೆರಿಕದಲ್ಲೇ ಇರೋ ನಮ್ಮೋರು ಅಲ್ಲಿಂದೇ ತಗೊಳ್ಳಿ, ಆದ್ರೆ 1500 ವ್ಯಾಟಿನ ಪಾಟ್ ಇರೋ ಸರ್ಕ್ಯೂಟಲ್ಲೇ ಮೈಕ್ರೋವೇವ್ ಹಾಕಿದ್ರೆ ಬ್ರೇಕರ್ ಬೀಳುತ್ತೆ.

ಪಿಜೀಲಿ ಇದ್ದೀನಿ, ಕೆಟಲ್‌ನಲ್ಲೇ ಮಾಡ್ಕೋಬಹುದಾ?

ಟೀಗೆ ನೀರು ಕಾಯಿಸೋ ಕೆಟಲ್ ಬೇಡ, ನೂಡಲ್ಸ್ ಗಂಜಿ ತಳಕ್ಕೆ ಹಿಡಿದು ಸೀದು ಹೋಗುತ್ತೆ, ಕುದಿ ಬಂದ ತಕ್ಷಣ ಸ್ವಿಚ್ ಟಕ್ ಅಂತ ಬಿದ್ದು ಆಫ್ ಆಗುತ್ತೆ. ಬಾಯಿ ಅಗಲ ಇರೋ ಮಲ್ಟಿ ಕೆಟಲ್ ಅಂತ ಬರುತ್ತಲ್ಲ, 1.2 ಲೀಟರ್, 600 ವ್ಯಾಟ್ ಆಸುಪಾಸಿಂದು, ಒಬ್ರಿಗೆ ಅದೇ ಹಾಟ್‌ಪಾಟ್. ಸ್ವಲ್ಪ ಸ್ವಲ್ಪವೇ ಹಾಕ್ಕೊಂಡು ತಿನ್ನಿ. ಪಿಜಿ ಓನರ್ ಒಪ್ತಾರಾ ಅನ್ನೋದು ಬೇರೆ ವಿಷ್ಯ, ಎಷ್ಟೋ ಕಡೆ ಇಸ್ತ್ರಿ ಪೆಟ್ಟಿಗೆಗೇ ಬಯ್ತಾರೆ.

ಗ್ಯಾಸ್ ಕ್ಯಾನ್ ಹಾಕೋ ಚಿಕ್ಕ ಸ್ಟವ್ ವಾಸಿ ಅಂತಾರಲ್ಲ?

ಉರಿ ಜೋರಿರುತ್ತೆ, ವೈರಿನ ರಗಳೆ ಇಲ್ಲ, ತೋಟಕ್ಕೋ ಟ್ರಿಪ್ಪಿಗೋ ಒಯ್ಯೋಕೆ ಸರಿ. ಮನೆ ಒಳಗೆ ಫ್ಯಾನ್ ಹಾಕಿದ್ರೆ ಉರಿ ಅಲ್ಲಾಡುತ್ತೆ, ಫ್ಯಾನ್ ಆರಿಸಿದ್ರೆ ಏಪ್ರಿಲ್‌ನಲ್ಲಿ ಕೂರೋಕಾಗಲ್ಲ. ಅಗಲದ ಪಾತ್ರೆ ಇಟ್ರೆ ಅದು ಪಕ್ಕದ ಕ್ಯಾನ್ ಮೇಲಕ್ಕೂ ಚಾಚಿ ಕ್ಯಾನ್ ಕಾಯುತ್ತೆ, ಸಿಡಿದಿರೋದೂ ಉಂಟು. ಇದ್ದಿಲಿನ ತಾಮ್ರದ ಪಾಟನ್ನಂತೂ ಬಾಗಿಲು ಹಾಕಿದ ರೂಮಲ್ಲಿ ಹಚ್ಚಲೇಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ.

ಕರೆಂಟ್ ಬಿಲ್ ಎಷ್ಟು ಬರುತ್ತೆ?

ಹೆದರೋ ಅಷ್ಟೇನಿಲ್ಲ. ಮೂರು ಲೀಟರ್ ನೀರು ಕುದಿಯೋಕೆ ಕಾಲು ಯೂನಿಟ್ ಚಿಲ್ಲರೆ, ಆಮೇಲೆ ಒಂದೂವರೆ ಗಂಟೆ ಡಯಲ್ ಮಧ್ಯದಲ್ಲಿಟ್ರೆ ಎಲ್ಲ ಸೇರಿ ಒಂದು ಯೂನಿಟ್ ಆಸುಪಾಸು. ಗೃಹಜ್ಯೋತಿಯ 200 ಯೂನಿಟ್ ಅಂಚಲ್ಲಿ ಇರೋರು ಮಾತ್ರ ತಿಂಗಳ ಕೊನೇಲಿ ಲೆಕ್ಕ ಹಾಕಿ.

ಮಧ್ಯದಲ್ಲಿ ಕರೆಂಟ್ ಹೋದ್ರೆ? ಯುಪಿಎಸ್‌ನಲ್ಲಿ ಓಡುತ್ತಾ?

ಓಡಲ್ಲ. ಮನೆಗೆ ಹಾಕಿಸೋ 900 ವಿಎ ಯುಪಿಎಸ್ ನಾಲ್ಕು ಲೈಟು, ಎರಡು ಫ್ಯಾನು, ಒಂದು ಟಿವಿಗೆ. 1300 ವ್ಯಾಟ್ ಹಾಕಿದ್ರೆ ಓವರ್‌ಲೋಡ್ ಅಂತ ಕೂಗಿ ಆಫ್ ಆಗುತ್ತೆ. ಡೈನಿಂಗ್ ಹಾಲಿನ ಸಾಕೆಟ್ ಯುಪಿಎಸ್ ಲೈನಿಗೆ ಸೇರಿದ್ಯಾ ಅಂತ ಮೊದ್ಲೇ ನೋಡ್ಕೊಂಡ್ಬಿಡಿ. ಮಳೆಗಾಲದಲ್ಲಿ, ಅದೂ ಮಲೆನಾಡಿನ ಕಡೆ ಇರೋರು, ಇಂಡಕ್ಷನ್‌ಗೂ ಗ್ಯಾಸಿಗೂ ಎರಡಕ್ಕೂ ಆಗೋ ಸ್ಟೀಲ್ ಪಾತ್ರೆ ಇಟ್ಕೊಂಡ್ರೆ ಕರೆಂಟ್ ಹೋದಾಗ ಹಂಗೇ ಎತ್ಕೊಂಡು ಹೋಗಿ ಗ್ಯಾಸ್ ಮೇಲಿಡಬಹುದು.

ನಮ್ಮ ಸಾರನ್ನೇ ಸೂಪಿನ ಬದ್ಲು ಹಾಕಬಹುದಾ?

ಹಾಕಬಹುದು, ಆದ್ರೆ ಯಾವ ಸಾರು ಅನ್ನೋದು ನೋಡಿ. ತಳಕ್ಕೆ ಕೂರೋ ಯಾವುದೂ ಆಗಲ್ಲ. ಕಾಯಿ ರುಬ್ಬಿ ಹಾಕಿದ ಹುಳಿ, ಬೇಳೆ ಮಂದ ಇರೋ ತೊವ್ವೆ, ಇವು ಒಂದು ಗಂಟೆ ಕುದೀತಾ ಇದ್ರೆ ಬಿಸಿ ತಗಲೋ ಜಾಗದಲ್ಲೇ ಹಿಡಿದು ಕರಟುತ್ತೆ, ಆ ವಾಸನೆ ಕೊನೇ ತುತ್ತಿನ ತನಕ ಹೋಗಲ್ಲ. ತಿಳಿಸಾರು ನಡೆಯುತ್ತೆ. ಮೆಣಸಿನ ಸಾರು ಇನ್ನೂ ಚೆನ್ನಾಗಿ ನಡೆಯುತ್ತೆ. ನನಗೆ ಎಲ್ಲಕ್ಕಿಂತ ಇಷ್ಟ ಬಸ್ಸಾರಿಗೆ ಬಸಿತೀವಲ್ಲ ಆ ಕಟ್ಟು, ಕಾಳು ಸೊಪ್ಪು ಬೆಂದ ನೀರು. ಅದನ್ನ ಇನ್ನೊಂದು ಸಲ ಸೋಸಿ, ಜಜ್ಜಿದ ಬೆಳ್ಳುಳ್ಳಿ, ಮೆಣಸು, ಒಂದೆರಡು ಬ್ಯಾಡಗಿ ಹಾಕಿದ್ರೆ ಪ್ಯಾಕೆಟ್ ಸೂಪು ಯಾವುದೂ ಬೇಡ ಅನ್ಸುತ್ತೆ, ಹುರುಳಿಕಾಳಿಂದಾದ್ರೆ ಕೇಳಲೇಬೇಡಿ. ಉಪ್ಪು, ಹುಣಸೆ ಅರ್ಧ ಅಷ್ಟೇ ಹಾಕಿ ಶುರು ಮಾಡಿ, ಕುದ್ದು ಕುದ್ದು ನೀರು ಬತ್ತಿದಂಗೆ ಎರಡೂ ಏರುತ್ತೆ, ಪಕ್ಕದಲ್ಲಿ ಒಂದು ಫ್ಲಾಸ್ಕ್ ಬಿಸಿನೀರು ಇಟ್ಕೊಂಡಿರಿ. ತಣ್ಣೀರು ಸುರಿದ್ರೆ ಮತ್ತೆ ಕುದಿಗೆ ಕಾಯಬೇಕು. ಲೇಪ ಕಿತ್ತು ಅಲ್ಯೂಮಿನಿಯಂ ಕಾಣ್ತಿರೋ ನಾನ್‌ಸ್ಟಿಕ್ಕಲ್ಲಿ ಹುಣಸೆಹುಳಿ ಕುದಿಸಬೇಡಿ.

ಹಾಕೋಕೆ ಏನೇನು ಅಂದ್ರೆ ಅಣಬೆ, ಬೇಬಿ ಕಾರ್ನ್, ಸೋರೆಕಾಯಿ ತೆಳು ಬಿಲ್ಲೆ, ಮೂಲಂಗಿ, ಹರಿವೆ ಸೊಪ್ಪು ದಂಟಿನ ಸಮೇತ, ಎಲೆಕೋಸು, ತೋಫು. ಪನೀರ್ ಜಾಸ್ತಿ ಹೊತ್ತು ಬಿಟ್ರೆ ರಬ್ಬರ್ ಆಗುತ್ತೆ. ಬಸಳೆ ಲೋಳೆ ಬಿಟ್ಟು ಸೂಪು ಹಾಳು ಮಾಡುತ್ತೆ. ನೂಡಲ್ಸ್ ಬದ್ಲು ಒತ್ತುಶಾವಿಗೆ ಇದ್ರೆ ಜಾಲರಿಯಲ್ಲಿ ಹಾಕಿ ಒಂದು ಮುಳುಗು ಮುಳುಗಿಸಿ ತೆಗೀರಿ, ಅದು ಆಗ್ಲೇ ಬೆಂದಿರುತ್ತೆ. ಕಳಲೆ ಹಾಕೋದಾದ್ರೆ ಮಾಮೂಲಿಯಂತೆ ದಿನಾ ನೀರು ಬದಲಾಯಿಸಿ ನೆನೆಸಿ, ಬೇಯಿಸಿ ಇಟ್ಟಿರೋದನ್ನೇ, ಹಸಿ ಕಳಲೆ ನೇರ ಪಾಟಿಗೆ ಬೇಡ, ಅದ್ರಲ್ಲಿ ವಿಷದ ಅಂಶ ಇರುತ್ತೆ. ಮೀನು ಅಂದ್ರೆ ಅಂಜಲ್ ತುಂಡು ನಿಲ್ಲುತ್ತೆ, ಬೂತಾಯಿ ಬಿಟ್ಟುಹೋಗಿ ಬರೀ ಮುಳ್ಳು ಹುಡುಕೋ ಹಂಗಾಗುತ್ತೆ. ಸೀಗಡಿ ಒಳ್ಳೇದು.

ಪ್ಯಾಕೆಟ್ ಸೂಪ್ ಬೇಸ್ ವೆಜ್ಜಾ?

ಹೊರದೇಶದಲ್ಲಿರೋ ಸಸ್ಯಾಹಾರಿಗಳು ಇದನ್ನ ಗಮನ ಇಟ್ಟು ನೋಡಿ. ಚೀನಾದ ಚೊಂಗ್‌ಚಿಂಗ್ ಊರಿನ ಶೈಲಿಯ ಕೆಂಪು ಖಾರದ ಬೇಸಿಗೆ ಸಾಂಪ್ರದಾಯಿಕವಾಗಿ ಹಾಕೋದು ದನದ ಕೊಬ್ಬು, ಪ್ಯಾಕೆಟ್ ಮೇಲೆ ಬರೀ ಮೆಣಸಿನಕಾಯಿ ಚಿತ್ರ ಇದ್ರೂ ಒಳಗೆ ಅದೇ ಇರಬಹುದು. ಗಿಡದ ಎಣ್ಣೇಲಿ ಮಾಡಿದ್ದೂ ಸಿಗುತ್ತೆ. ಟೊಮೇಟೊ, ಅಣಬೆ ಬೇಸ್ ಅಂತ ಹೆಸರಿದ್ರೂ ಒಳಗೆ ಚಿಕನ್ ಪೌಡರ್ ಹಾಕಿರೋದುಂಟು. ಏಷ್ಯನ್ ಸ್ಟೋರಲ್ಲಿ ಹಸಿರು ಚುಕ್ಕಿ ಇರಲ್ಲ, ಪದಾರ್ಥಗಳ ಪಟ್ಟಿ ಪೂರ್ತಿ ಓದಬೇಕು, ಆಯ್‌ಸ್ಟರ್ ಸಾಸ್, ಫಿಶ್ ಸಾಸ್, ಒಣ ಸೀಗಡಿ ಇವೂ ಅಲ್ಲೇ ಅಡಗಿರುತ್ತೆ.

ಹಸಿ ಚಿಕನ್ ಟೇಬಲ್ ಮೇಲಿಡೋದು ಸೇಫಾ?

ಹಸಿ ಚಿಕನ್ ಎತ್ತೋಕೆ ಒಂದು ಇಕ್ಕಳ, ಬೆಂದದ್ದು ಎತ್ತೋಕೆ ಇನ್ನೊಂದು, ಇದನ್ನ ಮನೇಲಿ ಎಲ್ರಿಗೂ ಮೊದ್ಲೇ ಹೇಳಿ ಕೂರಿಸಿ. ತೆಳ್ಳಗೆ ಕತ್ತರಿಸಬೇಕು, ಅರ್ಧ ಗಂಟೆ ಫ್ರೀಜರಲ್ಲಿಟ್ಟು ತೆಗೆದ್ರೆ ಚಾಕು ಸಲೀಸಾಗಿ ಆಡುತ್ತೆ. ಚಿಕನ್ ಒಳಗೂ 74 ಡಿಗ್ರಿ ಮುಟ್ಟಬೇಕು, ಅಂದ್ರೆ ಮತ್ತೆ ಕುದಿ ಬಂದ್ಮೇಲೆ ಲೆಕ್ಕ ಹಾಕೋಕೆ ಶುರು ಮಾಡಿ, ಹಾಕಿದ ಕ್ಷಣದಿಂದ ಅಲ್ಲ. ಕಮ್ಮಿ ವ್ಯಾಟಿನ ಪಾಟಲ್ಲಿ ಅದಕ್ಕೇ ಇನ್ನೂ ಹುಷಾರು. ದಾರದಂಗೆ ಉದ್ದ ತೆಳ್ಳಗಿರೋ ಬಿಳಿ ಎನೋಕಿ ಅಣಬೇನೂ ಹಸಿ ತಿನ್ನಬೇಡಿ.

ಯಾವ ಬ್ರ್ಯಾಂಡ್? ಬಂದ್ಮೇಲೆ ಏನು ಚೆಕ್ ಮಾಡಬೇಕು?

ಬ್ರ್ಯಾಂಡ್ ಹೇಳಿ ಉಪಯೋಗ ಇಲ್ಲ, ಒಂದೇ ಕಾರ್ಖಾನೆ ಪಾಟನ್ನ ಹತ್ತು ಹೆಸರಲ್ಲಿ ಮಾರ್ತಾರೆ, ಆರು ತಿಂಗಳಲ್ಲಿ ಹೆಸರೇ ಬದಲಾಗಿರುತ್ತೆ. ಇಲ್ಲಿ ಸರ್ವಿಸ್ ಇರೋ ಕಂಪನಿ, ಐಎಸ್‌ಐ ಗುರುತು, ಮೂರು ಪಿನ್ನಿನ ಪ್ಲಗ್ಗು, ವೈರ್ ಒಂದೇ ಹಾಳಾದ್ರೆ ಬಿಡಿಯಾಗಿ ಸಿಗುತ್ತಾ, ಇಷ್ಟು ಕೇಳಿ. ನಾನು ಒಂದು ಸಲ ತರಿಸಿದ್ದಕ್ಕೆ ಆ ಕಂಪನಿಯೋರು ವೈರ್ ಬೇಕು ಅಂದ್ರೆ ಹೊಸ ಪಾಟೇ ತಗೊಳ್ಳಿ ಸಾರ್ ಅಂದ್ರು.

ಬಂದ ದಿನ ಡಬ್ಬಿ ಮೇಲಿನ ವ್ಯಾಟು, ಪಾತ್ರೆ ತಳದ ಸ್ಟಿಕ್ಕರಲ್ಲಿರೋ ವ್ಯಾಟು ಎರಡೂ ಒಂದೇನಾ ನೋಡಿ. ಆಮೇಲೆ ಎರಡು ಲೀಟರ್ ನಲ್ಲಿ ನೀರು ಅಳೆದು ಹಾಕಿ, ಮುಚ್ಚಳ ಮುಚ್ಚಿ, ಫುಲ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿ. 1300 ವ್ಯಾಟ್ ನಿಜ ಆಗಿದ್ರೆ ಒಂಬತ್ತು ಹತ್ತು ನಿಮಿಷಕ್ಕೆ ಕುದಿ ಬರಬೇಕು. ಹದಿನೆಂಟು ನಿಮಿಷ ತಗೊಂಡ್ರೆ ನಿಮಗೆ ಕೊಟ್ಟಿರೋದು ಅರ್ಧ ವ್ಯಾಟಿನ ಪಾಟ್, ಸೂಪು ಗೀಪು ಹಾಕಿ ಕಲೆ ಮಾಡೋ ಮುಂಚೆ, ರಿಟರ್ನ್ ದಿನ ಮುಗಿಯೋದ್ರೊಳಗೆ ಕಳಿಸಿಬಿಡಿ.